ಹೊಸ ಪೆಟ್ಟಿಗೆ ಬೇಡ, ಹಳೆಯ ಡಬ್ಬ ಬಿಚ್ಚಿ

ಹಬ್ಬ ಮುಗಿದ ಮಾರನೆಯ ದಿನ ಮನೆ ಗುಡಿಸುವವಳು ನಾನು. ಮಂಚದ ಕೆಳಗಿಂದ ಏನೇನು ಹೊರಬರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಹೊಳೆಯುವ ಕಾಗದ, ರಿಬ್ಬನ್ನು, ಒಮ್ಮೆ ಮುಚ್ಚಳ ತೆಗೆದು ನೋಡಿ ಹಾಗೇ ಒಳಕ್ಕೆ ತಳ್ಳಿದ ಪೆಟ್ಟಿಗೆ. ಹೋದ ವರ್ಷದ್ದೂ ಅದರ ಹಿಂದೆಯೇ ಬಿದ್ದಿರುತ್ತದೆ. ಇದಕ್ಕಾಗಿ ತಿಂಗಳುಗಟ್ಟಲೆ ಕಂತು ಕಟ್ಟುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಸಾಲ ಮಾಡಿ ಉಡುಗೊರೆ ತರುತ್ತಾರೆ, ಕೈಗೆ ತುರುಕುತ್ತಾರೆ, ಅರ್ಧ ಗಂಟೆ ಕೂರುವುದರೊಳಗೆ ಗಡಿಯಾರ ನೋಡುತ್ತಾರೆ. ಬಂದವರು ನಾಲ್ಕು ಗಳಿಗೆ ಕೂರಲಿ ಎಂದು ತಾನೇ ನಾವು ಬಾಗಿಲು ನೋಡುತ್ತ ಕಾದಿರುವುದು!

ಕೊಡಲೇಬೇಡಿ ಎನ್ನುತ್ತಿಲ್ಲ. ಚಿಕ್ಕ ಮಕ್ಕಳ ಕೈಗೆ ಏನಾದರೂ ಇಡಬೇಕು, ಇಲ್ಲದಿದ್ದರೆ ಅವು ಮುಖ ಸಣ್ಣದು ಮಾಡಿಕೊಳ್ಳುತ್ತವೆ. ಒಂದು ಇಡಿ, ಸಾಕು. ದೊಡ್ಡವರಿಗೆ ಒಂದು ಮಧ್ಯಾಹ್ನ ಕೊಡಿ. ಆದರೆ "ಬನ್ನಿ, ಕೂತು ಮಾತಾಡೋಣ" ಎಂದರೆ ಯಾರೂ ಮಾತಾಡುವುದಿಲ್ಲ ಎಂಬುದನ್ನೂ ನೋಡಿದ್ದೇನೆ. ಬಿಪಿ ಎಷ್ಟಿದೆ, ಮಂಡಿ ನೋವು ಹೇಗಿದೆ ಎಂದು ಎರಡು ಮಾತು ಕೇಳಿ ಎಲ್ಲರೂ ಮೊಬೈಲಿಗೆ ತಲೆ ತಗ್ಗಿಸುತ್ತಾರೆ. ಮಾತು ಹುಟ್ಟಬೇಕಾದರೆ ಕೈಯಲ್ಲಿ ಏನಾದರೂ ಇರಬೇಕು. ಅದಕ್ಕೇ ನಾನು ಹಳೆಯ ಫೋಟೋಗಳ ಡಬ್ಬ ತೆಗೆಯುತ್ತೇನೆ.

ಇದನ್ನೂ ಕೆಡಿಸುವವರಿದ್ದಾರೆ. ನನ್ನ ಕಿರಿಯ ಸೊಸೆ ಒಂದು ಸಲ ಇಡೀ ಡಬ್ಬವನ್ನೇ ನೆಲಕ್ಕೆ ಸುರಿದಳು. ಎಲ್ಲರೂ ಮೇಲೆ ಬಿದ್ದು ಆರಿಸಿ, "ಅಯ್ಯೋ ಇದು ನೋಡು, ಅದು ನೋಡು" ಎಂದು ಹತ್ತು ನಿಮಿಷಕ್ಕೆ ಮುಗಿಸಿಬಿಟ್ಟರು. ಒಂದು ಕಥೆಯೂ ಹೊರಗೆ ಬರಲಿಲ್ಲ. ಒಂದು ಹಿಡಿ ತೆಗೆಯಿರಿ, ಅದಕ್ಕಿಂತ ಹೆಚ್ಚು ಬೇಡ. ಒಗೆದ ಹತ್ತಿ ಬಟ್ಟೆ ಹಾಸಿ. ಕೈ ತೊಳೆದರೆ ಸಾಲದು, ಪೂರ್ತಿ ಒಣಗಬೇಕು. ಕುಡಿಯುವ ಲೋಟ ಆ ಬಟ್ಟೆಯ ಹತ್ತಿರವೂ ಸುಳಿಯಕೂಡದು. ಫೋಟೋವನ್ನು ಅಂಚಿನಲ್ಲಿ ಹಿಡಿಯಿರಿ. ಮುಖದ ಮೇಲೆ ಬೆರಳಿಟ್ಟು "ಇದು ಅತ್ತೆ" ಎಂದು ತೋರಿಸುವ ಚಟ ಬಿಡಿ. ಬೆರಳಿನ ಜಿಡ್ಡು ಇವತ್ತು ಕಾಣದಿದ್ದರೂ ವರ್ಷಗಳಾದ ಮೇಲೆ ಕಲೆಯಾಗಿ ಏಳುತ್ತದೆ.

ಮೊದಲು ಫೋಟೋ ಹೋಗಬೇಕಾದದ್ದು ಮನೆಯಲ್ಲಿ ಎಲ್ಲರಿಗಿಂತ ಹಿರಿಯರ ಕೈಗೆ. ಕೊಟ್ಟವರು ಥಟ್ಟನೆ "ಇವರು ಯಾರು?" ಎಂದು ಕೇಳಬೇಡಿ. ಹೆಸರು ನೆನಪಾಗದಿದ್ದರೆ ಹಿರಿಯರಿಗೆ ನಾಚಿಕೆಯಾಗುತ್ತದೆ, ಆಮೇಲೆ ಬಾಯಿ ಕಟ್ಟಿಹೋಗುತ್ತದೆ. "ಈ ಅಂಗಳ ಯಾರ ಮನೆಯದು?", "ಈ ಅಂಗಿ ಹೊಲಿದವರು ಯಾರು?", "ಕ್ಯಾಮೆರಾ ಯಾರ ಕೈಯಲ್ಲಿತ್ತು?" ಎಂದು ಸುತ್ತುಬಳಸಿ ಕೇಳಿ. ಹೆಸರು ತಾನಾಗಿ ಬರುತ್ತದೆ. ಸುಮ್ಮನೆ ಕೂತರೆ ಅವಸರಪಡಿಸಬೇಡಿ. ನಮ್ಮ ದೊಡ್ಡಮ್ಮ ಒಂದು ಫೋಟೋ ಹಿಡಿದು ಎಷ್ಟೋ ಹೊತ್ತು ಮಾತಿಲ್ಲದೆ ಕೂತಿದ್ದರು, ಮಕ್ಕಳು ಏಳಲು ಹೊರಟಿದ್ದವು. ಆಮೇಲೆ ಮೆಲ್ಲಗೆ, ತಾನು ಶಾಲೆ ಬಿಟ್ಟದ್ದು ಯಾಕೆ ಎಂದು ಹೇಳಿದರು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಮಗೆ ಯಾರಿಗೂ ಗೊತ್ತಿರಲಿಲ್ಲ. ಹೇಳುವವರನ್ನು ಇಸವಿ ತಪ್ಪಿತು ಎಂದು ನಡುವೆ ತಡೆಯಬೇಡಿ, ಅದನ್ನು ಆಮೇಲೆ ಸರಿಮಾಡಿಕೊಳ್ಳಬಹುದು. ಒಂದೇ ಒಂದು ಮೊಬೈಲನ್ನು ದನಿ ಮುದ್ರಿಸಲು ಇಟ್ಟು ಮಗುಚಿ ಹಾಕಿ. ಉಳಿದವು ಬೇರೆ ಕೋಣೆಯಲ್ಲಿರಲಿ.

ಈಗ ಫೋಟೋ ಹಿಂದೆ ಹೆಸರು ಬರೆಯುವ ವಿಷಯ. ಇದರಲ್ಲಿ ನಾನು ಯಾರ ಮಾತೂ ಕೇಳುವವಳಲ್ಲ. ಬಾಲ್‌ಪೆನ್ ಮುಟ್ಟಲೇಬೇಡಿ. ನಮ್ಮಮ್ಮನ ಒಂದು ಫೋಟೋ ಹಿಂದೆ ಯಾರೋ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದು, ಅಕ್ಷರಗಳ ಗೀರು ಮುಂದಿನ ಬದಿಯಲ್ಲಿ ಅವಳ ಕೆನ್ನೆಯ ಮೇಲೆ ಎದ್ದು ನಿಂತಿದೆ. ಅವಳ ಪ್ರಾಯದ ಫೋಟೋ ನಮ್ಮ ಹತ್ತಿರ ಇರುವುದು ಅದೊಂದೇ. ಮೃದುವಾದ ಪೆನ್ಸಿಲ್ ಬೇಕು, 2ಬಿ ಅಥವಾ ಅದಕ್ಕಿಂತ ಮೆತ್ತಗಿನದು, ಮೊನೆ ಸ್ವಲ್ಪ ಮೊಂಡಾಗಿರಲಿ. ಫೋಟೋವನ್ನು ಗಟ್ಟಿಯಾದ, ಸಮತಟ್ಟಾದ ಹಲಗೆಯ ಮೇಲೆ ಮಗುಚಿ, ಅಡಿಯಲ್ಲಿ ಶುಭ್ರವಾದ ಕಾಗದ ಹಾಕಿ. ಮುಖಗಳಿರುವ ಜಾಗದ ಹಿಂದೆ ಬರೆಯದೆ ಕೆಳಗಿನ ಅಂಚಿನಲ್ಲಿ ಮಾತ್ರ ಬರೆಯಿರಿ, ಎಳೆಯ ಕೂಸಿನ ಕಣ್ಣಿಗೆ ಕಾಡಿಗೆ ಹಚ್ಚುವಷ್ಟು ಹಗುರವಾಗಿ. ಎಡದಿಂದ ಬಲಕ್ಕೆ ನಿಂತವರ ಪೂರ್ತಿ ಹೆಸರು, ಊರು, ಅಂದಾಜು ಇಸವಿ, ಹೇಳಿದವರು ಯಾರು. "ಅಜ್ಜಿ" ಎಂದಷ್ಟೇ ಬರೆದರೆ ಯಾರ ಅಜ್ಜಿ? ಇನ್ನು ಐವತ್ತು ವರ್ಷ ಕಳೆದ ಮೇಲೆ ಓದುವವರಿಗೆ ಅದರಿಂದ ಏನು ತಿಳಿಯುತ್ತದೆ?

1970ರ ದಶಕದಿಂದ ಈಚಿನ ಬಣ್ಣದ ಫೋಟೋಗಳ ಬೆನ್ನು ಹೆಚ್ಚಾಗಿ ಪ್ಲಾಸ್ಟಿಕ್ಕಿನ ಹಾಗೆ ನುಣುಪಾಗಿರುತ್ತದೆ, ಪೆನ್ಸಿಲ್ ಹಿಡಿಯುವುದಿಲ್ಲ. ಹಿಡಿಯಲಿಲ್ಲವೆಂದು ಇನ್ನೂ ಒತ್ತಬೇಡಿ! ಕಾಗದದ ಲಕೋಟೆ ತೆಗೆದುಕೊಂಡು ಅದರ ಮೇಲೆ ಬರೆಯಿರಿ. ಬರೆದು ಮುಗಿದ ಮೇಲೆಯೇ ಫೋಟೋ ಒಳಗೆ ಹೋಗಬೇಕು. ಒಳಗಿಟ್ಟು ಮೇಲೆ ಬರೆದರೆ ಮತ್ತೆ ಅದೇ ಗೀರು. ಎಷ್ಟು ಸಲ ಹೇಳಿದರೂ ನನ್ನ ಮಗ ಇದನ್ನು ಮರೆಯುತ್ತಾನೆ.

ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಶ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಮಕ್ಕಳಿಗೆ 20 ಪ್ರಶ್ನೆ ಕೇಳಿದ್ದರಂತೆ. ಅಪ್ಪ ಅಮ್ಮ ಹೇಗೆ ಪರಿಚಯವಾದರು, ಅಮ್ಮ ಬೆಳೆದದ್ದು ಎಲ್ಲಿ, ನಿನ್ನ ಹೆಸರು ಎಲ್ಲಿಂದ ಬಂತು, ಇಂಥವು. ಮನೆಯ ಕಥೆ ಹೆಚ್ಚು ಗೊತ್ತಿದ್ದ ಮಕ್ಕಳಲ್ಲಿ ತಮ್ಮ ಬಗ್ಗೆ ಗೌರವವೂ ಹೆಚ್ಚಿತ್ತು, ತಮ್ಮ ಬದುಕು ತಮ್ಮ ಹಿಡಿತದಲ್ಲಿದೆ ಎಂಬ ಧೈರ್ಯವೂ ಹೆಚ್ಚಿತ್ತು. ಮೊಮ್ಮಗಳು ಇದನ್ನು ಓದಿ ಹೇಳಿದಾಗ ನನಗೆ ಬಹಳ ಸಂತೋಷವಾಯಿತು. ಅವತ್ತೇ ಆ ಪ್ರಶ್ನೆಗಳನ್ನು ಅವಳಿಗೆ ಕೇಳಿದೆ. ತನ್ನ ಹೆಸರಿನ ಕಥೆ ಅವಳಿಗೆ ಗೊತ್ತಿರಲಿಲ್ಲ! ಹುಟ್ಟುಹಬ್ಬಕ್ಕೆ ಏನೇನೋ ಕೊಟ್ಟಿದ್ದಾರೆ, ಇದನ್ನು ಹೇಳಲು ಒಬ್ಬರಿಗೂ ಪುರುಸೊತ್ತಾಗಿಲ್ಲ.

ಎತ್ತಿಡುವಾಗಲೂ ಜಾಗ್ರತೆ. ರಬ್ಬರ್ ಬ್ಯಾಂಡು, ಕ್ಲಿಪ್ಪು ಹಾಕಬೇಡಿ. ಒಂದು ಅಂಟಿಕೊಳ್ಳುತ್ತದೆ, ಇನ್ನೊಂದು ತುಕ್ಕು ಬಿಡುತ್ತದೆ. ಪ್ಲಾಸ್ಟಿಕ್ ಹಾಳೆ ಎತ್ತಿ ಅಂಟಿಸುವ ಆಲ್ಬಂ ಇದೆಯಲ್ಲ, ಅದರ ಅಂಟು ಹಳದಿಯಾಗಿ ಫೋಟೋವನ್ನೂ ಕೆಡಿಸುತ್ತದೆ. ಚೌಕಟ್ಟಿನ ಗಾಜಿಗೆ ಫೋಟೋ ಅಂಟಿದ್ದರೆ ಕೀಳಬೇಡಿ, ಗಾಜಿನ ಸಮೇತ ಹಾಗೇ ಇಟ್ಟು, ಮೇಲಿಂದ ಇನ್ನೊಂದು ಫೋಟೋ ತೆಗೆಸಿಕೊಳ್ಳಿ. ಡಬ್ಬ ಇರಬೇಕಾದದ್ದು ಒಳಕೋಣೆಯ ಕಪಾಟಿನಲ್ಲಿ, ಬಿಸಿಲೂ ತೇವವೂ ತಾಗದ ಕಡೆ. ಒಲೆಯ ಮೇಲಿನ ಅಟ್ಟ ಬೇಡವೇ ಬೇಡ.

ಹಳೆಯ ಕಾಗದಪತ್ರಗಳಿದ್ದರೆ ಮಡಿಕೆ ಬಿಡಿಸಿ ಅಗಲವಾಗಿ ಇಡಿ, ಮಡಿಸಿದ ಗೆರೆಯಲ್ಲೇ ಅವು ಹರಿಯುವುದು. ಕಪಾಟು ತೆಗೆದ ಮೇಲೆ ಅದೇ ಕೈಯಲ್ಲಿ ರೇಷ್ಮೆ ಬಟ್ಟೆಗಳ ಮಡಿಕೆಯನ್ನೂ ಬದಲಿಸಿಬಿಡಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟು, ಹೊರಗೆ ತೆಗೆದಾಗ ಸೀಳಿಬಂತೆಂದು ಅಂಗಡಿಯವನನ್ನು ಬೈಯುವವರನ್ನು ಬೇಕಾದಷ್ಟು ಕಂಡಿದ್ದೇನೆ.

ಆ ದಿನದ ಒಂದು ಹಿಡಿ ಮುಗಿದರೆ ಮುಗಿಯಿತು, ಇನ್ನೊಂದು ಹಿಡಿ ಮುಂದಿನ ಹಬ್ಬಕ್ಕೆ. ಪೆನ್ಸಿಲನ್ನು ಒಂದು ಲಕೋಟೆಗೆ ಹಾಕಿ ಡಬ್ಬದಲ್ಲೇ ಇಡಿ. ಆ ಹೊತ್ತಿಗೆ ಮನೆಯೆಲ್ಲ ಹುಡುಕುತ್ತ ಹೋದರೆ, ಸಿಗುವಷ್ಟರಲ್ಲಿ ದೊಡ್ಡಮ್ಮನಿಗೆ ನಿದ್ದೆ ಬಂದಿರುತ್ತದೆ.