ಒಜಿಬ್ವೇ ಕಲಿಯುವುದು ಹೇಗೆ: ಪದಪಟ್ಟಿ ಬದಿಗಿಡಿ, ಕ್ರಿಯಾಪದ ಹಿಡಿಯಿರಿ

ಅಮೆರಿಕದ ಮಿನೆಸೋಟ, ವಿಸ್ಕಾನ್ಸಿನ್, ಮಿಶಿಗನ್‌ನಿಂದ ಹಿಡಿದು ಕೆನಡಾದ ಒಂಟಾರಿಯೊ, ಮ್ಯಾನಿಟೋಬದವರೆಗೆ, ಮಹಾಸರೋವರಗಳ ಸುತ್ತ ನೆಲೆಸಿದ ಅನಿಶಿನಾಬೇ ಜನರ ಮಾತು ಒಜಿಬ್ವೇ. 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ಮೂಲನಿವಾಸಿ ಮಕ್ಕಳಿಗಾಗಿ ತೆರೆದ ಶಾಲೆಯ ಮಾದರಿಯ ವಸತಿಶಾಲೆಗಳಲ್ಲಿ ಮನೆಮಾತು ಆಡಿದ ಮಕ್ಕಳಿಗೆ ಶಿಕ್ಷೆ ಕಾದಿರುತ್ತಿತ್ತು. ಹಾಗೆ ಬೆಳೆದ ಎಷ್ಟೋ ಮಂದಿ ತಮ್ಮ ಮಕ್ಕಳ ಜೊತೆ ಆ ಮಾತು ಆಡಲು ಅಂಜಿದರು. ಹಾಗಾಗಿ ಅಮೆರಿಕದ ಕಡೆ ಇದನ್ನು ನಿರರ್ಗಳವಾಗಿ ಆಡುವವರಲ್ಲಿ ಹೆಚ್ಚಿನವರು ಇಂದು ವಯಸ್ಸಾದವರು. ಅವರ ಒಂದು ಗಂಟೆಗೆ ಬೆಲೆ ಕಟ್ಟಲಾಗದು. ನಿಘಂಟಿನಲ್ಲಿ ಸಿಗುವುದನ್ನು ಮನೆಯಲ್ಲೇ ಕಲಿತು, ಸಿಗದದ್ದನ್ನು ಮಾತ್ರ ಅವರ ಬಳಿ ಕೇಳುವಂತಾಗಬೇಕು. ಕೆಳಗಿನ ಕ್ರಮವೆಲ್ಲ ಅದಕ್ಕಾಗಿಯೇ.

ಮೊದಲು ಯಾವ ಸೀಮೆಯ ಒಜಿಬ್ವೇ ಎಂದು ನಿರ್ಧರಿಸಿ. ಮಿನೆಸೋಟದಲ್ಲಿ ಪಾದರಕ್ಷೆ ‘ಮಕಿಝಿನ್’. ಪೂರ್ವದ ಒಂಟಾರಿಯೊದಲ್ಲಿ ಮೊದಲ ಸ್ವರ ಬಿದ್ದುಹೋಗಿ ‘ಮ್ಕಿಝಿನ್’. ಅಲ್ಲೊಂದು ವಿಡಿಯೊ, ಇಲ್ಲೊಂದು ಪುಸ್ತಕ ಎಂದು ಬೆರೆಸಿ ಕಲಿತರೆ ಕೊನೆಗೆ ಯಾವ ಊರಿನ ಮಾತೂ ಆಗುವುದಿಲ್ಲ. ಮಿನಿಯಾಪೊಲಿಸ್‌ನಲ್ಲಿರುವ ಕನ್ನಡಿಗರಿಗೆ ಮಿನೆಸೋಟದ ರೂಪವೇ ಸರಿ. ಮಿನೆಸೋಟ ವಿಶ್ವವಿದ್ಯಾಲಯದ ‘ಒಜಿಬ್ವೇ ಪೀಪಲ್ಸ್ ಡಿಕ್ಷನರಿ’ ಅಂತರ್ಜಾಲದಲ್ಲಿ ಉಚಿತ. ಅದರಲ್ಲಿ ಹಿರಿಯರ ಧ್ವನಿಯೇ ಇದೆ.

ಎರಡನೆಯದು ಉಚ್ಚಾರ. ಇಲ್ಲಿ ಕನ್ನಡದ ಕಿವಿಗೆ ಅನುಕೂಲವಿದೆ. ಒಜಿಬ್ವೇಯಲ್ಲೂ ಅ–ಆ, ಇ–ಈ, ಒ–ಓ ಎಂಬ ಹ್ರಸ್ವ ದೀರ್ಘ ಜೋಡಿಗಳಿವೆ. ಏ ಮಾತ್ರ ಒಂಟಿ, ಅದು ಯಾವಾಗಲೂ ದೀರ್ಘ. ಒಕಾರಗಳು ಕೆಲವರ ಬಾಯಲ್ಲಿ ಉ, ಊಗಳ ಹತ್ತಿರ ಸರಿಯುತ್ತವೆ. ಚಾಲ್ತಿಯಲ್ಲಿರುವ ರೋಮನ್ ಬರಹದಲ್ಲಿ, ಏ ಒಂದನ್ನು ಬಿಟ್ಟು, ದೀರ್ಘಕ್ಕೆ ಅಕ್ಷರವನ್ನು ಎರಡು ಸಲ ಬರೆಯುತ್ತಾರೆ. ಅದನ್ನು ಇಂಗ್ಲಿಷಿನಂತೆ ಓದುವುದೇ ಹೊಸಬರ ಮೊದಲ ತಪ್ಪು. ಎರಡನೆಯ ತಪ್ಪು ಮೇಲೆ ಹಾಕುವ ಅಲ್ಪವಿರಾಮದಂಥ ಚಿಹ್ನೆಯನ್ನು ಬಿಟ್ಟುಬಿಡುವುದು. ಅದು ಅಲಂಕಾರವಲ್ಲ, ಒಂದು ವ್ಯಂಜನ: ಗಂಟಲನ್ನು ಕ್ಷಣ ಮುಚ್ಚಿ ತೆರೆಯಬೇಕು. ಇಲ್ಲಿ ಓದುವ ಅನುಕೂಲಕ್ಕೆ ಕನ್ನಡ ಲಿಪಿ ಬಳಸಿದ್ದೇವೆ. ನಿಮ್ಮ ನೋಟ್‌ಬುಕ್ಕಿನಲ್ಲಿ ರೋಮನ್ನಿನಲ್ಲೇ ಬರೆಯಿರಿ. ದಿನಕ್ಕೆ ಐದು ಪದ ಸಾಕು: ಮೂರು ಸಲ ಕೇಳಿ, ಫೋನಿನಲ್ಲಿ ನಿಮ್ಮ ದನಿ ಹಿಡಿದು, ನಿಘಂಟಿನ ದನಿಯ ಪಕ್ಕದಲ್ಲಿಟ್ಟು ಕೇಳಿ.

ಮೂರನೆಯದೇ ಮುಖ್ಯ. ಪ್ರಾಣಿ, ಬಣ್ಣ, ಸಂಖ್ಯೆಗಳ ಪಟ್ಟಿಯಿಂದ ಶುರುಮಾಡಿದವರು ಆರು ತಿಂಗಳ ಬಳಿಕವೂ ಒಂದು ವಾಕ್ಯ ಆಡಲಾರರು. ಈ ಭಾಷೆಯ ಭಾರವೆಲ್ಲ ಕ್ರಿಯಾಪದದ ಮೇಲೆ. ‘ನಿಬಾ’ ತೆಗೆದುಕೊಳ್ಳಿ, ಅಂದರೆ ಅವನು ಅಥವಾ ಅವಳು ಮಲಗಿದ್ದಾಳೆ. ಗಂಡು ಹೆಣ್ಣಿನ ಭೇದವಿಲ್ಲ. ನಾನು ಮಲಗಿದ್ದೇನೆ ‘ನಿನಿಬಾ’, ನೀನು ‘ಗಿನಿಬಾ’, ನೀವು ‘ಗಿನಿಬಾಮ್’, ಅವರು ‘ನಿಬಾವಗ್’. ‘ನಾವು’ ಎನ್ನಲು ಎರಡು ರೂಪ: ಎದುರಿಗಿರುವವರನ್ನು ಬಿಟ್ಟು ಹೇಳಿದರೆ ‘ನಿನಿಬಾಮಿನ್’, ಸೇರಿಸಿಕೊಂಡರೆ ‘ಗಿನಿಬಾಮಿನ್’. ತುಳು ಬಲ್ಲವರಿಗೆ ಇದು ಥಟ್ಟನೆ ಹಿಡಿಸುತ್ತದೆ: ಎಂಕುಲು, ನಮ. ‘ನೀನು’ ಎಂಬುದರ ‘ಗಿ’ಯೇ ಸೇರಿಸಿಕೊಳ್ಳುವ ‘ನಾವು’ವಿನಲ್ಲೂ ಕೂತಿರುವುದನ್ನು ಗಮನಿಸಿ.

ದಿನಕ್ಕೊಂದರಂತೆ ಹತ್ತು ಕ್ರಿಯಾಪದ ಆರಿಸಿ: ಮಲಗು, ತಿನ್ನು, ಕುಡಿ, ನಡೆ, ಕೂರು, ದುಡಿ, ಮಾತಾಡು, ನಗು, ಹಾಡು, ಒಳಗೆ ಬಾ. ಏಳೇಳು ರೂಪ, ಒಟ್ಟು 70; ಓದಿದರೆ ಸಾಲದು, ಬಾಯಿಬಿಟ್ಟು ಹೇಳಬೇಕು. ಎಡವುವುದು ಇಲ್ಲಿ: ಕೊನೆಯ ಹ್ರಸ್ವ ಸ್ವರ ನಾನು, ನೀನು ರೂಪಗಳಲ್ಲಿ ಬಿದ್ದುಹೋಗುತ್ತದೆ. ‘ಬಾಪಿ’ ಅವನು ನಗುತ್ತಾನೆ, ‘ನಿಂಬಾಪ್’ ನಾನು ನಗುತ್ತೇನೆ. ಹಿಂದಿನ ‘ನಿ’ ಕೂಡ ಬ ಅಕ್ಷರದ ಮುಂದೆ ‘ನಿಂ’ ಆಯಿತು. ನಿಯಮವನ್ನು ಉರುಹೊಡೆಯಬೇಡಿ, ಹೇಳಿ ಹೇಳಿ ನಾಲಗೆಗೆ ರೂಢಿ ಮಾಡಿಸಿ. ಆಮೇಲೆ ನಿಷೇಧ: ‘ಗಾವೀನ್ ನಿನಿಬಾಸೀನ್’, ನಾನು ಮಲಗಿಲ್ಲ. ಭೂತಕಾಲಕ್ಕೆ ನಡುವೆ ‘ಗೀ’: ‘ನಿಂಗೀನಿಬಾ’, ನಾನು ಮಲಗಿದೆ.

ನಾಮಪದಗಳನ್ನು ಬಹುವಚನದ ಸಮೇತ ಕಲಿಯಿರಿ, ಇಲ್ಲದಿದ್ದರೆ ಆಮೇಲೆ ಕೆಡುತ್ತದೆ. ಎಲ್ಲ ನಾಮಪದಗಳೂ ಸಜೀವ, ನಿರ್ಜೀವ ಎಂದು ಎರಡು ಬಗೆ, ಆದರೆ ಕಣ್ಣಿಗೆ ಕಂಡಂತೆ ಅಲ್ಲ. ರಾಸ್‌ಬೆರಿ ಸಜೀವ: ಮಿಸ್ಕೊಮಿನ್, ಮಿಸ್ಕೊಮಿನಗ್. ಸ್ಟ್ರಾಬೆರಿ ನಿರ್ಜೀವ: ಒಡೇ'ಇಮಿನ್, ಒಡೇ'ಇಮಿನನ್. (‘ಒಡೇ'’ ಎಂದರೆ ಹೃದಯ, ಹಣ್ಣಿನ ಆಕಾರ ನೆನಪಿಸಿಕೊಳ್ಳಿ.) ಬಗೆ ತಪ್ಪಿದರೆ ಕ್ರಿಯಾಪದವೂ ತಪ್ಪುತ್ತದೆ: ರಾಸ್‌ಬೆರಿ ಕಂಡರೆ ‘ನಿವಾಬಮಾ’, ಸ್ಟ್ರಾಬೆರಿ ಕಂಡರೆ ‘ನಿವಾಬಂಡಾನ್’. ಕನ್ನಡದಲ್ಲಿ ಎರಡೂ ‘ಅದು’. ಆ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಕಲ್ಲು ಕೂಡ ಸಜೀವ. ಏಕೆ ಎಂದು ತರ್ಕ ಹುಡುಕುತ್ತ ಕೂರಬೇಡಿ.

ಇಷ್ಟಾಗಲು ದಿನಕ್ಕೆ 20 ನಿಮಿಷದಂತೆ ಮೂರು ತಿಂಗಳು ಇಟ್ಟುಕೊಳ್ಳಿ. ಆಮೇಲೆ ಸಮುದಾಯದವರೇ ನಡೆಸುವ ತರಗತಿ ಅಥವಾ ಸಂಭಾಷಣಾ ಕೂಟಕ್ಕೆ ಸೇರಿ. ‘ಬೋಝೋ’ ಎಂದು ವಂದಿಸಿ, ಹೆಸರು ಹೇಳಿ ‘ನಿಂಡಿಝಿನಿಕಾಝ್’, ಊರು ಹೇಳಿ ‘ನಿಂಡೋಂಜಿಬಾ’ ಅನ್ನಿ. ಅವರು ಇದರ ಜೊತೆಗೆ ತಮ್ಮ ‘ಡೋಡೇಮ್’, ಅಂದರೆ ಕುಲವನ್ನೂ ಹೇಳುತ್ತಾರೆ. ಟೋಟೆಮ್ ಎಂಬ ಮಾತು ಬಂದದ್ದು ಇಲ್ಲಿಂದಲೇ. ಹೊರಗಿನವರು ತಮಗೊಂದು ಕುಲ ಕಲ್ಪಿಸಿಕೊಂಡು ಹೇಳಬಾರದು. ಹಿರಿಯರ ಬಳಿ ಕಲಿಸಿಕೊಡಿ ಎಂದು ಕೇಳುವಾಗ ‘ಅಸೇಮಾ’, ಅಂದರೆ ಹೊಗೆಸೊಪ್ಪು, ಕೊಡುವುದು ವಾಡಿಕೆ; ಆ ಊರಿನ ಪದ್ಧತಿಯನ್ನು ತರಗತಿಯವರಲ್ಲಿ ಮೊದಲೇ ವಿಚಾರಿಸಿ. ಧ್ವನಿಮುದ್ರಣಕ್ಕೆ ಅನುಮತಿ ಕೇಳಿ. ಮನೆಯಲ್ಲಿ ಕೇಳಲು ಕೊಟ್ಟ ಅನುಮತಿ ಅಂತರ್ಜಾಲಕ್ಕೆ ಏರಿಸಲು ಕೊಟ್ಟದ್ದಲ್ಲ. ಕೆಲವು ಪವಿತ್ರ ಕಥೆಗಳನ್ನು ನೆಲದ ಮೇಲೆ ಹಿಮ ಇರುವಾಗ ಮಾತ್ರ ಹೇಳುತ್ತಾರೆ, ಜುಲೈ ತಿಂಗಳಲ್ಲಿ ಹೋಗಿ ಒತ್ತಾಯ ಮಾಡಬೇಡಿ. ಬೇಸಿಗೆಯಲ್ಲಿ ಅವರ ಜೊತೆ ಹಣ್ಣು ಬಿಡಿಸಿ. ಬುಟ್ಟಿ ತುಂಬುವಷ್ಟರಲ್ಲಿ ಸಜೀವ, ನಿರ್ಜೀವ ಎಷ್ಟು ಸಲ ತಪ್ಪಿದಿರೋ ಅಷ್ಟು ಸಲ ಯಾರಾದರೂ ತಿದ್ದಿರುತ್ತಾರೆ.