ಕೆರೆ ಸಭೆಗೆ ಯಾರು ಬರುತ್ತಾರೆ?

2002ರಲ್ಲಿ ವಿಶ್ವಬ್ಯಾಂಕ್ ನೆರವಿನ ಕೆರೆ ಯೋಜನೆ ಕರ್ನಾಟಕಕ್ಕೆ ಬಂದ ಮೇಲೆ ‘ಕೆರೆ ಬಳಕೆದಾರರ ಸಂಘ’ ಅನ್ನುವ ಮಾತು ಹಳ್ಳಿಗಳಲ್ಲಿ ಓಡಾಡತೊಡಗಿತು. ನಾನು ದುಡಿದದ್ದು ಬೇರೊಂದು ಸಣ್ಣ ಯೋಜನೆಯಲ್ಲಿ, ಕೋಲಾರದ ಕಡೆ. ದುಡ್ಡು ಹೊರದೇಶದ್ದು. ಹೂಳೆತ್ತುವ ಮೊದಲು ಊರವರನ್ನು ಸೇರಿಸಿ ಪಿಆರ್‌ಎ ಮಾಡಿಸುವುದು, ಅಂದರೆ ಊರಿನ ಸ್ಥಿತಿ, ಬೇಡಿಕೆಗಳನ್ನು ಅವರಿಂದಲೇ ನಕ್ಷೆ, ಮಾತುಕತೆಯಲ್ಲಿ ಗುರುತಿಸಿಸುವುದು ನನ್ನ ಕೆಲಸ.

ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಸುತ್ತೇವಲ್ಲ, ಅದನ್ನು ಸಾಮಾನ್ಯವಾಗಿ ಬೆಳಿಗ್ಗೆ ಹತ್ತಕ್ಕೆ ದೇವಸ್ಥಾನದ ಮುಂದೆ ಇಡುತ್ತಾರೆ. ದಲಿತ ಕೇರಿಯವರು ಅಲ್ಲಿ ಬಂದು ಕೂರುವುದಿಲ್ಲ. ಕೂಲಿಗೆ ಹೋಗುವ ಹೆಂಗಸರು ಆ ಹೊತ್ತಿಗೆ ಊರಲ್ಲೇ ಇರುವುದಿಲ್ಲ. ಕೊನೆಗೆ ಅಚ್ಚುಕಟ್ಟಿನಲ್ಲಿ, ಅಂದರೆ ಕೆರೆಯ ನೀರು ಹರಿಯುವ ಜಾಗದಲ್ಲಿ, ಗದ್ದೆ ಇರುವವರ ಬೇಡಿಕೆಯೇ ಊರಿನ ಬೇಡಿಕೆ ಅಂತ ವರದಿಗೆ ಹೋಗುತ್ತದೆ.

ಅದಕ್ಕೇ ನಾನು ಮೊದಲ ನಕ್ಷೆಯನ್ನು ಕೇರಿಯಲ್ಲೇ ಬರೆಸಿದೆ, ರಾತ್ರಿ ಊಟ ಆದ ಮೇಲೆ. ಹೆಂಗಸರದ್ದು ಬೇರೆ ಸಭೆ. ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯ ಜೊತೆ ಏರಿಯ ಮೇಲೂ ಕಾಲುವೆ ಗುಂಟವೂ ನಡೆದೆ. ಕಾಲುವೆಯನ್ನು ಯಾರು ಒತ್ತಿಕೊಂಡಿದ್ದಾರೆ ಅಂತ ಸಭೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ನಡೆಯುವಾಗ ನೀರುಗಂಟಿ ಸಲೀಸಾಗಿ ಹೇಳಿದರು.

ನಿಜವಾದ ಜಗಳ ಕೋಡಿಯದ್ದು, ಅಂದರೆ ಕೆರೆ ತುಂಬಿದಾಗ ಹೆಚ್ಚಾದ ನೀರು ಹೊರಗೆ ಹರಿಯುವ ಕಟ್ಟೆಯದ್ದು. ಕೋಡಿ ಎತ್ತರಿಸಿದರೆ ನೀರು ಜಾಸ್ತಿ ನಿಲ್ಲುತ್ತದೆ, ಅಚ್ಚುಕಟ್ಟಿನವರಿಗೆ ಖುಷಿ. ಆದರೆ ಹಿನ್ನೀರಿನ ಅಂಚಿನ ತುಂಡು ಜಮೀನಿನಲ್ಲಿ ರಾಗಿ ಬೆಳೆಯುವವರ ಹೊಲ ಮುಳುಗುತ್ತದೆ, ಅವರಲ್ಲಿ ಕೆಲವರ ಹತ್ತಿರ ಪಹಣಿಯೂ ಇಲ್ಲ. ಹೆಂಗಸರು ಕೇಳಿದ್ದೇ ಬೇರೆ: ಬೇಸಿಗೆಯಲ್ಲಿ ದನಗಳಿಗೆ ನೀರು ಉಳಿಯಬೇಕು, ಬಟ್ಟೆ ಒಗೆಯಲು ಮೆಟ್ಟಿಲು ಬೇಕು. ಸಭೆಯಲ್ಲಿ ಕೈ ಎತ್ತಿಸಿದ್ದರೆ ಕೋಡಿ ಎತ್ತರಿಸಿ ಅನ್ನುವವರೇ ಗೆಲ್ಲುತ್ತಿದ್ದರು. ನಾಳೆ ಕೂಲಿ ಕೊಡುವವರ ಎದುರು ಇಲ್ಲ ಅನ್ನುವುದು ಸುಲಭ ಅಲ್ಲ, ಅಲ್ವಾ? ಹಾಗಾಗಿ ಮತ ಹಾಕಿಸಲಿಲ್ಲ. ಎಲ್ಲ ಗುಂಪಿನವರನ್ನೂ ಕರೆದುಕೊಂಡು ಹೋಗಿ, ನೀರು ಎಲ್ಲಿಯವರೆಗೆ ಬರುತ್ತದೆ ಅಂತ ಅಳೆದು ಗೂಟ ಹೊಡೆಸಿದೆವು. ಗೂಟ ಪಕ್ಕದವರ ಹೊಲದ ನಡುವೆ ನಿಂತದ್ದನ್ನು ನೋಡಿದ ಮೇಲೆ ಮಾತಿನ ಧಾಟಿ ಬದಲಾಯಿತು. ಕೋಡಿ ಹಳೆಯ ಎತ್ತರದಲ್ಲೇ ಉಳಿಯಿತು, ಕೆರೆಯಿಂದ ಕಾಲುವೆಗೆ ನೀರು ಬಿಡುವ ತೂಬಿನ ಹತ್ತಿರ ಹೂಳು ಆಳವಾಗಿ ತೆಗೆದರು.

ಇದಕ್ಕೆಲ್ಲ ಸಮಯ ಬೇಕು. ದುಡ್ಡು ಕೊಡುವವರು ವರ್ಷದ ಕೊನೆಯೊಳಗೆ ಖರ್ಚು ತೋರಿಸಿ ಅನ್ನುತ್ತಾರೆ, ಕೆರೆ ಒಣಗಿ ಜೆಸಿಬಿ ಇಳಿಯುವುದು ಬೇಸಿಗೆಯಲ್ಲಿ. ಫೋಟೋ, ಸಹಿ ಇದ್ದರೆ ಸಾಕು ಅನ್ನುವ ಒತ್ತಡ ಹುಟ್ಟುವುದು ಇಲ್ಲೇ.

ಕೆಲಸಕ್ಕೆ ಊರವರು ಕೊಡಬೇಕಾದ ಪಾಲು, ಅಂದರೆ ವಂತಿಗೆಯದ್ದೂ ಇದೇ ಕಥೆ. ಹಣ ಇಲ್ಲದವರು ಶ್ರಮದಾನ ಮಾಡಬಹುದು ಅಂತ ಕಾಗದದಲ್ಲಿ ಇರುತ್ತದೆ, ಎಲ್ಲ ಕೆಲಸ ಜೆಸಿಬಿಯೇ ಮಾಡಿದರೆ ಅವರು ಎಲ್ಲಿ ದುಡಿಯಬೇಕು? ರಸೀದಿ ಇಲ್ಲದಿದ್ದರೆ ಸಂಘದ ಸದಸ್ಯತ್ವವೂ ಇಲ್ಲ. ಮೆಟ್ಟಿಲಿನ ಕಲ್ಲು ಕೆಲಸ, ಕಾಲುವೆಯ ಗಿಡಗಂಟಿ ಕಡಿಯುವ ಕೆಲಸ ಎರಡನ್ನೂ ನಾವು ಮೆಷಿನ್‌ಗೆ ಕೊಡಲಿಲ್ಲ. ಅಲ್ಲಿ ದುಡಿದವರಿಗೂ, ಹಣ ಕಟ್ಟಿದವರಿಗೆ ಕೊಟ್ಟಂಥದ್ದೇ ರಸೀದಿ ಬರೆಸಿದೆವು.