ಗಾಲ್ಸ್‌ವರ್ದಿ ನಾಟಕ ಓದೋಕೆ ಎಲ್ಲಿಂದ ಶುರು ಮಾಡೋದು

ಜಾನ್ ಗಾಲ್ಸ್‌ವರ್ದಿ ಅನ್ನೋ ಇಂಗ್ಲಿಷ್ ಲೇಖಕ ಅಂದ್ರೆ ಎಲ್ರೂ ಅವರ ದಪ್ಪ ದಪ್ಪ ಕಾದಂಬರಿಗಳನ್ನೇ ಹೇಳ್ತಾರೆ, 1932ರ ನೊಬೆಲ್ ಬಂದಾಗ್ಲೂ ಹೆಸರು ಹೇಳಿದ್ದು ಕಾದಂಬರಿದೇ, ಆದ್ರೆ ನನ್ನ ಕೇಳಿದ್ರೆ ನಾಟಕದಿಂದ ಶುರು ಮಾಡಿ. ಜೀವನಚರಿತ್ರೆ ಮೊದಲೇ ಓದ್ಬೇಕಂತಿಲ್ಲ. 1867ರಲ್ಲಿ ಅನುಕೂಲಸ್ಥರ ಮನೇಲಿ ಹುಟ್ಟಿದ್ರು, ಆಕ್ಸ್‌ಫರ್ಡಲ್ಲಿ ಕಾನೂನು ಓದಿ 1890ರಲ್ಲಿ ಬ್ಯಾರಿಸ್ಟರ್ ಆದ್ರು, ವಕೀಲಿಕೆಯಲ್ಲಿ ಮನಸ್ಸು ನಿಲ್ಲಲಿಲ್ಲ, ಇಷ್ಟು ಗೊತ್ತಿದ್ರೆ ಸಾಕು, ಯಾಕಂದ್ರೆ ಆ ಕೋರ್ಟು ನಾಟಕದಲ್ಲಿ ಮತ್ತೆ ಮತ್ತೆ ಬರುತ್ತೆ.

ಮೊದಲು 'ದಿ ಸಿಲ್ವರ್ ಬಾಕ್ಸ್' ಓದಿ. 1906ರಲ್ಲಿ ಲಂಡನ್ನಿನ ಕೋರ್ಟ್ ಥಿಯೇಟರಲ್ಲಿ ಆಡಿದ್ದು. ಎಂಪಿ ಮಗ ಕುಡಿದು ಒಬ್ಬ ಹೆಂಗಸಿನ ಪರ್ಸ್ ಎತ್ಕೊಂಡು ಬರ್ತಾನೆ, ಅದೇ ರಾತ್ರಿ ಅದೇ ಮನೇಲಿ ಕೆಲಸದವಳ ಗಂಡ, ಕೆಲಸ ಇಲ್ಲದ ಜೋನ್ಸ್, ಬೆಳ್ಳಿ ಸಿಗರೇಟ್ ಡಬ್ಬಿ ಎತ್ಕೊಂಡು ಹೋಗ್ತಾನೆ. ಇಬ್ಬರದ್ದೂ ಒಂದೇ ತಪ್ಪು, ಜೈಲಿಗೆ ಹೋಗೋದು ಒಬ್ಬನೇ. ಓದುವಾಗ ವಿಲನ್ ಹುಡುಕ್ಬೇಡಿ, ಸಿಗಲ್ಲ, ಆ ಮ್ಯಾಜಿಸ್ಟ್ರೇಟ್ ಕೂಡ ಕೆಟ್ಟವನಲ್ಲ, ಅದೇ ಸಂಕಟ.

ಆಮೇಲೆ 'ಜಸ್ಟಿಸ್', 1910ರದ್ದು. ಫಾಲ್ಡರ್ ಅನ್ನೋ ವಕೀಲರ ಆಫೀಸಿನ ಗುಮಾಸ್ತ, ಗಂಡನ ಹೊಡೆತ ತಿಂತಿರೋ ರೂತ್‌ನ ಕರ್ಕೊಂಡು ಹೋಗೋಕೆ ದುಡ್ಡು ಬೇಕು ಅಂತ 9 ಪೌಂಡ್ ಚೆಕ್ಕನ್ನ 90 ಮಾಡ್ತಾನೆ. ಮೂರನೇ ಅಂಕದ ಜೈಲು ಕೋಣೆ ದೃಶ್ಯ ಬಂದಾಗ ದಯವಿಟ್ಟು ನಿಧಾನ ಮಾಡಿ. ಅಲ್ಲಿ ಒಂದೂ ಮಾತಿಲ್ಲ, ಬರೀ ರಂಗಸೂಚನೆ ಅಂತ ತುಂಬಾ ಜನ ಹಾರಿಸ್ಬಿಡ್ತಾರೆ. ಫಾಲ್ಡರ್ ಬಾಗಿಲಿಗೆ ಕಿವಿ ಕೊಟ್ಟು ನಿಂತಿರ್ತಾನೆ, ದೂರದಲ್ಲಿ ಯಾರೋ ಕಬ್ಬಿಣದ ಬಾಗಿಲು ಬಡೀತಾರೆ, ಆ ಸದ್ದು ಕೋಣೆಯಿಂದ ಕೋಣೆಗೆ ಹತ್ರ ಬರ್ತಾ ಬರ್ತಾ ಕೊನೆಗೆ ಇವನೂ ಬಾಗಿಲ ಮೇಲೆ ಬಿದ್ದು ಬಡಿಯೋಕೆ ಶುರು ಮಾಡ್ತಾನೆ. ಆಗ ಬ್ರಿಟನ್ನಿನ ಹೋಮ್ ಸೆಕ್ರೆಟರಿ, ಅಂದ್ರೆ ಗೃಹಮಂತ್ರಿ, ಆಗಿದ್ದ ಚರ್ಚಿಲ್ ಈ ನಾಟಕ ನೋಡಿದ್ರು, ಏಕಾಂತ ಸೆರೆಯ ಅವಧಿಯನ್ನ ಅದೇ ವರ್ಷ ಕಮ್ಮಿ ಮಾಡೋಕೆ ಹೊರಟ್ರು. ಗಾಲ್ಸ್‌ವರ್ದಿ ಅದಕ್ಕೂ ಮೊದಲೇ ಜೈಲುಗಳಿಗೆ ಹೋಗಿ ಕೈದಿಗಳನ್ನ ಮಾತಾಡಿಸಿದ್ರು, ಆ ದೃಶ್ಯ ಅಷ್ಟು ಗಟ್ಟಿ ಇರೋದು ಅದಕ್ಕೇ.

'ಸ್ಟ್ರೈಫ್' (1909) ಮೂರನೇದಾಗಿ ಇಟ್ಕೊಳ್ಳಿ, ಅದು ಮುಷ್ಕರದ ನಾಟಕ, ಪಾತ್ರಗಳು ಜಾಸ್ತಿ, ಹೆಸರುಗಳನ್ನ ಒಂದು ಚೀಟಿಲಿ ಬರ್ಕೊಂಡ್ರೆ ಒಳ್ಳೇದು.

ಮೂರೂ ಹಳೇ ಪುಸ್ತಕಗಳ ವೆಬ್‌ಸೈಟ್ ಪ್ರಾಜೆಕ್ಟ್ ಗುಟೆನ್‌ಬರ್ಗಲ್ಲಿ ಫ್ರೀ ಸಿಗುತ್ತೆ. ಜೋನ್ಸ್ ಥರದವರ ಇಂಗ್ಲಿಷ್ ಸ್ಪೆಲಿಂಗ್ ನೋಡಿ ಗಾಬರಿ ಆಗ್ಬೇಡಿ, ಅದು ಲಂಡನ್ನಿನ ಬಡವರ ಆಡುಮಾತು, ಜೋರಾಗಿ ಓದಿದ್ರೆ ತಾನಾಗೇ ಅರ್ಥ ಆಗುತ್ತೆ.